ಪೆಟ್ಟಿಗೆಯೊಳಗೆ ನುಗ್ಗಿದವರು

ಈಚೆಗೆ ಹಾರ್ಡ್‌ವೇರ್ ಕೋರ್ಸ್ ಮುಗಿಸಿದ ಇಬ್ಬರು ಹುಡುಗಿಯರು ಗೋಕಾಕದ ನಮ್ಮ ಮನೆಗೆ ಬಂದಿದ್ದರು. "ಆಂಟಿ, ಈ ಕೆಲಸದಾಗ ಖರೆ ಕಲಿಯೂದು ಏನೈತ್ರಿ?" ಎಂದು ಕೇಳಿದರು. ನನಗೆ ತಟ್ಟನೆ ಏನೂ ಹೊಳೆಯಲಿಲ್ಲ. ಚಹಾ ಕುಡಿಸಿ ಕಳುಹಿಸಿದೆ. ಅವರು ಓಣಿಯ ತಿರುವು ದಾಟಿದ ಮೇಲೆ ಹೇಳಬೇಕಾದದ್ದೆಲ್ಲ ಒಂದೊಂದೇ ನೆನಪಾಗತೊಡಗಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಒಂದು ಕಂಪ್ಯೂಟರ್ ಸರ್ವಿಸ್ ಏಜೆನ್ಸಿಯಲ್ಲಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಚೇರಿ, ಶಾಲೆ, ಸೊಸೈಟಿಗಳಲ್ಲಿ ಬೆಳಿಗ್ಗೆ ಕಂಪ್ಯೂಟರ್ ಏಳಲು ಒಲ್ಲೆ ಎಂದರೆ ಅಲ್ಲಿಗೆ ಹೋಗುವವಳು ನಾನು. ಸ್ಕೂಟಿ, ಸ್ಕ್ರೂಡ್ರೈವರು, ಧೂಳು ಒರೆಸುವ ಕುಂಚ, ಊಟದ ಡಬ್ಬಿ, ಇಷ್ಟೇ ನನ್ನ ಸರಂಜಾಮು. ಹೊಸ ಜಾಗಕ್ಕೆ ಹೋದಾಗಲೆಲ್ಲ ಅಲ್ಲಿಯವರು ನನ್ನ ಬೆನ್ನ ಹಿಂದೆ ಇಣುಕಿ, "ಎಂಜಿನಿಯರ್ ಸಾಹೇಬ್ರು ಹಿಂದ ಬರಾಕತ್ತಾರೇನ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ನಾನೇ ಎಂಜಿನಿಯರ್ ಎಂದು ಹೇಳುತ್ತಿದ್ದೆ. ಆಮೇಲೆ, "ಹೌದ್ರಿ, ಬರ್ತಾರ. ಅಲ್ಲೀತನಕ ನಾ ಸುಮ್ನ ಬಿಚ್ಚಿ ನೋಡ್ತೇನಿ" ಎನ್ನತೊಡಗಿದೆ. ಕೆಲಸ ಬೇಗ ಮುಗಿಯುತ್ತಿತ್ತು.

ಕಂಪ್ಯೂಟರ್ ಏಳುವಾಗ ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ಯಾವುದಾದರೂ ಕೈಗೆ ಸಿಗದಿದ್ದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ನಿಲ್ಲುತ್ತದೆ. ಇಷ್ಟನ್ನು ನಿಮಗೆ ಕೋರ್ಸಿನಲ್ಲಿ ಹೇಳಿಕೊಟ್ಟಿರುತ್ತಾರೆ. ಆ ಸಾಲನ್ನು ಯಾರೂ ಪೂರ್ತಿ ಓದುವುದಿಲ್ಲ ಎಂಬುದನ್ನು ಮಾತ್ರ ಹೇಳಿರುವುದಿಲ್ಲ. ಮುಖ್ಯವಾಗಿ ಓದದೇ ಇರುವವರು ನಿಮ್ಮ ಮೇಲಧಿಕಾರಿಗಳು.

ನನ್ನ ಮೇಲಧಿಕಾರಿ ಹಂಜಿ ಸಾಹೇಬರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಯಾವ ರೋಗಕ್ಕೂ ಒಂದೇ ಮದ್ದು. "ಫಾರ್ಮ್ಯಾಟ್ ಹೊಡೀರಿ ಶಾಂತಾಬಾಯಿ" ಎಂದು ಫೋನಿನಲ್ಲೇ ತೀರ್ಪು ಕೊಡುತ್ತಿದ್ದರು. ಫಾರ್ಮ್ಯಾಟ್ ಎಂದರೆ ಒಳಗಿನದ್ದೆಲ್ಲ ಅಳಿಸಿ ಹೊಸದಾಗಿ ತುಂಬುವುದು. ಕೀಬೋರ್ಡಿನ ವೈರು ಕಳಚಿದ್ದರೂ ಫಾರ್ಮ್ಯಾಟ್, ಇಲಿ ಕೇಬಲ್ಲು ಕಡಿದಿದ್ದರೂ ಫಾರ್ಮ್ಯಾಟ್. ಸಾಹೇಬರಿಗೆ ನೆಗಡಿಯಾದರೆ ಮನೆಯವರು ಏನು ಮಾಡುತ್ತಿದ್ದರೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾನು "ಆತ್ರಿ ಸರ್" ಎಂದು ಫೋನಿಟ್ಟು, ವೈರು ಸಿಕ್ಕಿಸಿ, ಮನೆಗೆ ಬರುತ್ತಿದ್ದೆ. ಸಾಹೇಬರು ಬೆಳಗಾವಿಯಲ್ಲಿ ಕುಳಿತು ಇನ್ನೊಂದು ಕಂಪ್ಯೂಟರ್ ಗುಣಪಡಿಸಿದೆನೆಂದು ವರದಿ ಕಳುಹಿಸುತ್ತಿದ್ದರು.

ಮೂಡಲಗಿಯ ಒಂದು ಕಚೇರಿಯ ಕಥೆ ಹೇಳುತ್ತೇನೆ. ಯಾವ ಇಲಾಖೆ ಎಂದು ಕೇಳಬೇಡಿ. ಅಲ್ಲಿನ ಅಧಿಕಾರಿ ಬಹಳ ನಿಯಮದ ಮನುಷ್ಯ. ಒಂದು ಬೆಳಿಗ್ಗೆ ಅವರ ಕಂಪ್ಯೂಟರು, ಕೀಬೋರ್ಡಿನಲ್ಲಿ ದೋಷವಿದೆ, ಮುಂದುವರಿಯಲು ಎಫ್ ಒನ್ ಒತ್ತಿ ಎಂದು ಬರೆದು ನಿಂತಿತು. ಒತ್ತಿದರೆ ಮುಂದೆ ಹೋಗುತ್ತಿತ್ತು. ಆದರೆ ಒತ್ತಿದ್ದರಿಂದ ಏನಾದರೂ ಆದರೆ ಹೊಣೆ ಯಾರದು? ಅವರು ಬೆಳಗಾವಿಯ ಮುಖ್ಯ ಕಚೇರಿಗೆ ಪತ್ರ ಬರೆದರು. ವಿಷಯ: ಎಫ್ ಒನ್ ಗುಂಡಿಯನ್ನು ಒತ್ತಲು ಅನುಮತಿ ಕೋರಿ. ಅಲ್ಲಿಂದ, ಸದರಿ ಗುಂಡಿಯನ್ನು ಈ ಮೊದಲು ಒತ್ತಲಾಗಿದೆಯೇ, ಒತ್ತಿದ್ದಲ್ಲಿ ಯಾರ ಆದೇಶದ ಮೇರೆಗೆ ಎಂದು ಸ್ಪಷ್ಟೀಕರಣ ಕೇಳಿ ಮರುಪತ್ರ ಬಂತು. ಈ ಪತ್ರಗಳ ಪ್ರಯಾಣ ಮುಗಿಯುವವರೆಗೆ ಹೊಲದ ಉತಾರಕ್ಕೆ, ದಾಖಲೆಗೆ ಬಂದ ಜನ ಹೊರಗಿನ ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಕೊನೆಗೆ ಯಾರೋ ಬೇಸತ್ತು ನನಗೆ ಫೋನು ಮಾಡಿದರು.

ಹೋಗಿ ನೋಡಿದರೆ ಕೀಬೋರ್ಡಿನ ಮೇಲೆ ದಪ್ಪನೆಯ ಫೈಲಿನ ಕಟ್ಟೊಂದು ಕುಳಿತಿತ್ತು. ಅದರ ಭಾರಕ್ಕೆ ನಾಲ್ಕಾರು ಗುಂಡಿಗಳು ಒತ್ತಿಕೊಂಡೇ ಇದ್ದವು. ನಾನು ಕಟ್ಟನ್ನು ಎತ್ತಿ ಬಾಜೂಕ್ಕಿಟ್ಟು, ಯಂತ್ರವನ್ನು ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಕಂಪ್ಯೂಟರ್ ಎದ್ದಿತು.

ಅಧಿಕಾರಿಗಳಿಗೆ ಸಿಟ್ಟು ಬಂತು. "ಅನುಮತಿ ಇನ್ನೂ ಬಂದಿಲ್ಲಲ್ರಿ ಬಾಯಾರ! ನೀವು ಹ್ಯಾಂಗ ಎಫ್ ಒನ್ ಒತ್ತಿದ್ರಿ?"

"ನಾ ಒತ್ತಿಲ್ರಿ ಸಾಹೇಬ್ರ. ಒತ್ತಿಕೊಂಡಿದ್ದನ್ನ ಬಿಡಿಸಿದ್ನಿ."

ಅವರು ಸುತ್ತೋಲೆಗಳ ಫೈಲು ತೆಗೆದು ತಿರುವಿದರು. ಬಿಡಿಸುವುದಕ್ಕೆ ಅನುಮತಿ ಬೇಕೆಂದು ಯಾವ ಸುತ್ತೋಲೆಯಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆ ನನಗೆ ಚಹಾ ತರಿಸಿದರು.

ಹುಕ್ಕೇರಿ ತಾಲೂಕಿನ ಕಣಗಲಾದ ಹತ್ತಿರ, ಹೆದ್ದಾರಿಯ ಪಕ್ಕದಲ್ಲಿ, ಕಬ್ಬಿನ ಗಾಡಿ ತೂಗುವ ಒಂದು ಕಾಟಾ ಇತ್ತು. ಮಾಲೀಕ ಬಾಬುರಾವ್ ಕಾಕಾ ಫೋನು ಮಾಡಿ, "ಬಾಯಾರ, ಸಿಪಿಯು ಫ್ಯಾನ್ ಎರರ್ ಅಂತ ಬರಾಕತ್ತೈತ್ರಿ" ಎಂದರು. ಅಷ್ಟು ಸ್ಪಷ್ಟವಾಗಿ ಓದಿ ಹೇಳಿದವರನ್ನು ಕಂಡದ್ದೇ ಅಪರೂಪ, ನನಗೆ ಖುಷಿಯಾಯಿತು. ಬರುತ್ತೇನೆ ಎಂದೆ. ಅಂದು ಬೇರೆ ಕೆಲಸವಿದ್ದು ಹೋಗಲಾಗಲಿಲ್ಲ. ಮರುದಿನ ಹೋದಾಗ ಕಾಟಾದ ಸಣ್ಣ ಕೋಣೆಯಲ್ಲಿ ಹೊಚ್ಚ ಹೊಸ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. ಸಾಲದೆಂದು ಟೇಬಲ್ ಫ್ಯಾನೊಂದನ್ನು ಕಂಪ್ಯೂಟರಿನ ಮುಖಕ್ಕೇ ಹಿಡಿದಿದ್ದರು.

"ಎರಡ ಫ್ಯಾನ್ ಹಾಕಿದ್ರೂ ಇದಕ್ಕ ಸಮಾಧಾನ ಇಲ್ರಿ" ಎಂದು ಕಾಕಾ ಗೊಣಗಿದರು. "ಮನ್ಯಾಗ ನನಗ ಒಂದ ಫ್ಯಾನ್ ಐತಿ."

ನಾನು ನಗು ತಡೆದುಕೊಂಡು ಪೆಟ್ಟಿಗೆ ಬಿಚ್ಚಿದೆ. ಅದರೊಳಗೆ ಅಂಗೈಯಗಲದ ಒಂದು ಫ್ಯಾನಿರುತ್ತದೆ, ಸಂದೇಶ ಹೇಳುವುದು ಅದರ ಬಗ್ಗೆ. ಕಬ್ಬಿನ ರವದಿಯ, ಅಂದರೆ ಒಣಗರಿಯ ಧೂಳು ಅದರ ರೆಕ್ಕೆಗಳಿಗೆ ಕಂಬಳಿಯಂತೆ ಹೊದ್ದುಕೊಂಡಿತ್ತು. ಧೂಳು ತೆಗೆದೆ, ತಿರುಗಿತು. ಕಾಕಾ ಬಗ್ಗಿ ಅದನ್ನು ನೋಡಿ, "ಇಷ್ಟ ಸಣ್ಣದೇನ್ರಿ? ಇದರ ಸಲುವಾಗಿ ಇಷ್ಟ ದೊಡ್ಡ ಅಕ್ಷರದಾಗ ಬರೀಬೇಕಾ?" ಎಂದರು. ಸೀಲಿಂಗ್ ಫ್ಯಾನು ಮಾತ್ರ ತೆಗೆಸಲಿಲ್ಲ. ಆಮೇಲೆ ಆ ಕಾಟಾದಲ್ಲಿ ಲಾರಿ ಚಾಲಕರೆಲ್ಲ ಗಾಳಿಗೆಂದು ಬಂದು ಕೂಡುತ್ತಿದ್ದರು. ನೋಡಿ, ನನ್ನ ಕೆಲಸದಿಂದ ಲೋಕಕ್ಕೆ ಆದ ಉಪಕಾರವೆಂದು ಹೇಳಿಕೊಳ್ಳಲು ಅದೊಂದಿದೆ.

ಈಗ ಇವೆಲ್ಲ ಬದಲಾಗಿವೆ. ಮೊದಲು ಸಂದೇಶವನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದರು, ಕೌಜಲಗಿಯ ಒಬ್ಬ ಮಾಸ್ತರರಂತೂ ಒಂದೊಂದೇ ಅಕ್ಷರ ಕಾಗುಣಿತದ ಹಾಗೆ ಹೇಳಿ ನನ್ನಿಂದ ತಿರುಗಿ ಹೇಳಿಸುತ್ತಿದ್ದರು. ಈಗ ಫೋಟೊ ಕಳುಹಿಸುತ್ತಾರೆ. ಫೋಟೊದಲ್ಲಿ ಅರ್ಧ ಅವರ ಹೆಬ್ಬೆರಳು, ಇನ್ನರ್ಧ ಟ್ಯೂಬ್‌ಲೈಟಿನ ಪ್ರತಿಬಿಂಬ. ಹೊಸ ಯಂತ್ರಗಳು ಕಂಪನಿಯ ಚಂದದ ಚಿತ್ರವೊಂದನ್ನು ಪರದೆಯ ಮೇಲೆ ಹಾಕಿ, ಅದರ ಹಿಂದೆ ಎಲ್ಲ ಸಂಕಟವನ್ನೂ ಮುಚ್ಚಿಡುತ್ತವೆ. ಹೊಸ ಜಾಗಕ್ಕೆ ಹೋದ ಕೂಡಲೇ ನೀವು ಮೊದಲು ಆ ಚಿತ್ರವನ್ನು ಬಂದ್ ಮಾಡಿ. ಯಂತ್ರ ಏನು ಹೇಳುತ್ತಿದೆಯೆಂದು ಕಾಣಲಿ. ಈ ಮಾತನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂಬುದು ಕಲ್ಲೋಳಿಯಲ್ಲಿ ನಡೆದದ್ದನ್ನು ಕೇಳಿದರೆ ತಿಳಿಯುತ್ತದೆ.

ಮೂಡಲಗಿ ಹತ್ತಿರದ ಕಲ್ಲೋಳಿಯಲ್ಲಿ ಒಂದು ಸಣ್ಣ ಸಹಕಾರಿ ಸೊಸೈಟಿ. ರೈತರಿಗೆ ಗೊಬ್ಬರ ಕೊಡುವುದು, ಟ್ರ್ಯಾಕ್ಟರಿಗೆ ಸಾಲ ಕೊಡುವುದು ಅದರ ಕೆಲಸ. ಚೇರಮನ್ನರು ಸಿದ್ದಪ್ಪಣ್ಣ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಧ್ವನಿ. ಕಂಪ್ಯೂಟರ್ ನೋಡಿಕೊಳ್ಳುವವಳು ದಿಲ್‌ಶಾದ್. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಾಡುತ್ತ, ಟೈಪಿಂಗ್ ಕಲಿತು, ಆ ಕೆಲಸ ಹಿಡಿದಿದ್ದಳು. ಅಲ್ಲಿಗೆ ಹೋದಾಗಲೆಲ್ಲ ನಾವಿಬ್ಬರೂ ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದೆವು. ಕಡಿಮೆ ಮಾತಿನ ಹೆಂಗಸು. ಅವಳ ಕೀಬೋರ್ಡಿನಲ್ಲಿ ಒಂದು ಚೂರು ಧೂಳಿರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಂಜಿ ಸಾಹೇಬರು ನನಗೆ ಫೋನು ಮಾಡಿದರು. "ಕಲ್ಲೋಳಿಗೆ ಹೋಗ್ರಿ. ಹೋಗಿ ಫಾರ್ಮ್ಯಾಟ್ ಹೊಡೀರಿ. ಮತ್ತೇನೂ ಬಿಚ್ಚಾಕ ಹೋಗಬ್ಯಾಡ್ರಿ." ಕೊನೆಯ ಮಾತು ನನಗೆ ಹೊಸದಾಗಿ ಕೇಳಿಸಿತು.

ನಾನು ಹೋದಾಗ ಸೊಸೈಟಿಯ ಮುಂದೆ ಜನ ನೆರೆದಿದ್ದರು. ಒಳಗೆ ದಿಲ್‌ಶಾದ್ ಗೋಡೆಗೆ ಒರಗಿ ನಿಂತಿದ್ದಳು. ಸಿದ್ದಪ್ಪಣ್ಣ ಪರದೆಯನ್ನು ಬೆರಳಿನಿಂದ ತೋರಿಸಿ ಎಲ್ಲರಿಗೂ ಕೇಳುವಂತೆ ಕೂಗಿದರು, "ಓದ್ರಿ ಬಾಯಾರ, ನೀವ ಓದ್ರಿ!"

ಓದಿದೆ. ಚಾಸಿ ಇಂಟ್ರೂಡೆಡ್. ಫೇಟಲ್ ಎರರ್. ಸಿಸ್ಟಂ ಹಾಲ್ಟೆಡ್.

"ಇಂಟ್ರೂಡ್ ಅಂದ್ರ ನುಗ್ಗೂದು. ಹೌದಲ್ಲೋ? ನಾನೂ ಕಾಲೇಜ ಮೆಟ್ಟಲಾ ಹತ್ತೇನ್ರಿ. ಚಾಸಿ ಅಂದ್ರ ಟ್ರ್ಯಾಕ್ಟರದ್ದು. ಟ್ರ್ಯಾಕ್ಟರ್ ಸಾಲದ ಲೆಕ್ಕದಾಗ ಯಾರೋ ನುಗ್ಗ್ಯಾರ! ನಿಮ್ಮ ಹಂಜಿ ಸಾಹೇಬ್ರಿಗೆ ಫೋನ್ ಮಾಡಿ ಕೇಳಿದ್ನಿ. ಅವರೂ ಅದನ್ನ ಹೇಳಿದ್ರು, ಒಳಗಿನವ್ರದ ಕೆಲಸ ಇರತೈತಿ, ಆಪರೇಟರ್‌ನ ವಿಚಾರಿಸ್ರಿ ಅಂತ. ಮುಂಜಾನೆ ಬಂದು ಚಾಲೂ ಮಾಡಿದಾಕಿ ಯಾರು? ಈಕಿ!"

"ನಾ ಬಟನ್ ಒತ್ತಿದ್ನಿ ಅಷ್ಟರಿ ಅಕ್ಕಾರ" ಎಂದು ದಿಲ್‌ಶಾದ್ ನನಗೆ ಹೇಳಿದಳು. "ಒತ್ತಿದ ಕೂಡಲೇ ಹಿಂಗ ಬಂತು. ಎಲ್ಲಾರ ಮುಂದ ನನ್ನ ಕಳ್ಳಿ ಅಂದ್ರು. ಪೊಲೀಸ್ರನ್ನ ಕರಸ್ತೇನಿ ಅನ್ನಾಕತ್ತಾರ."

ಚಾಸಿ ಎಂದರೆ ಇಲ್ಲಿ ಟ್ರ್ಯಾಕ್ಟರಿನದ್ದಲ್ಲ, ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆ. ಆ ಪೆಟ್ಟಿಗೆಯ ಮುಚ್ಚಳ ಯಾರಾದರೂ ತೆಗೆದರೆ ತಿಳಿಯಲೆಂದು ಕೆಲವು ಯಂತ್ರಗಳಲ್ಲಿ ಒಂದು ಏರ್ಪಾಟಿರುತ್ತದೆ. ಒಳಗೆ ಎರಡು ಸಣ್ಣ ಕಡ್ಡಿಗಳನ್ನು ಕೂಡಿಸುವ, ಜೋಳದ ಕಾಳಿನಷ್ಟು ದೊಡ್ಡ ಟೊಪ್ಪಿಗೆ ಇರುತ್ತದೆ. ಅದು ಕಳಚಿದರೆ ಯಂತ್ರವು, ಯಾರೋ ನನ್ನ ಪೆಟ್ಟಿಗೆ ಬಿಚ್ಚಿದ್ದಾರೆ ಎಂದು ದೂರು ಬರೆದು ಮುಷ್ಕರ ಹೂಡುತ್ತದೆ. ಲೆಕ್ಕಕ್ಕೂ ಸಾಲಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಇದನ್ನು ನಾನು ಸಿದ್ದಪ್ಪಣ್ಣನವರಿಗೆ ಬಿಡಿಸಿ ಹೇಳಿದೆ. ಅವರು, "ಹಂಗಾರ ಪೆಟ್ಟಿಗಿ ಬಿಚ್ಚಿದಾಕಿನೂ ಈಕಿನ" ಎಂದರು.

ಬಿಚ್ಚಬೇಡಿ ಎಂದ ಸಾಹೇಬರ ಮಾತು ನೆನಪಿಗೆ ಬಂತು. ಅವರು ಸಹಿ ಮಾಡಿದರೆ ಮಾತ್ರ ನನ್ನ ಕೆಲಸ ಮುಂದಿನ ವರ್ಷಕ್ಕೆ ಸಾಗುತ್ತಿದ್ದ ಕಾಲ ಅದು. ದಿಲ್‌ಶಾದ್ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸ್ಕ್ರೂಡ್ರೈವರ್ ತೆಗೆದೆ.

ಸ್ಕ್ರೂವಿನ ಮೇಲೆ ನಮ್ಮ ಏಜೆನ್ಸಿಯ ಕಾಗದದ ಸೀಲು ಅಂಟಿಸಿತ್ತು. ನಾನು ಅಂಟಿಸಿದ್ದ ಹಳೆಯ ಸೀಲು ಬಿಸಿಲಿಗೆ ಹಳದಿಯಾಗಿತ್ತು. ಇದು ಹೊಳೆಯುವ ಹೊಸದು. ಈ ಮೂರು ತಾಲೂಕುಗಳಿಗೆ ಸಂಬಂಧಿಸಿದಂತೆ ಆ ಸೀಲು ಇರುತ್ತಿದ್ದದ್ದು ಇಬ್ಬರ ಬಳಿ, ನನ್ನ ಬಳಿ ಮತ್ತು ಹಂಜಿ ಸಾಹೇಬರ ಬಳಿ. ಸೀಲು ಹರಿದು ಮುಚ್ಚಳ ತೆಗೆದೆ. ಆ ಟೊಪ್ಪಿಗೆ ಕಳಚಿ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಅದನ್ನು ಕಡ್ಡಿಗಳಿಗೆ ಸಿಕ್ಕಿಸಿ ಚಾಲೂ ಮಾಡಿದೆ. ದೂರು ಹೋಯಿತು. ಯಂತ್ರ ಎದ್ದು ಎಂದಿನಂತೆ ತನ್ನ ಮೆಮೊರಿ ಎಷ್ಟಿದೆ ಎಂದು ಪರದೆಯ ಮೇಲೆ ತೋರಿಸಿತು. ಅದು ಇರಬೇಕಾದದ್ದರ ಅರ್ಧ ಇತ್ತು. ಮೆಮೊರಿ ಎಂದರೆ ಒಳಗೆ ಸಿಕ್ಕಿಸುವ, ಬಾಚಣಿಗೆಯಂಥ ಒಂದು ಪಟ್ಟಿ. ಬಗ್ಗಿ ನೋಡಿದೆ. ಹಿಂದೊಮ್ಮೆ ನಾನು ಹಾಕಿದ್ದ ಹೊಸ ಪಟ್ಟಿ ಹೋಗಿ ಅಲ್ಲಿ ಯಾವುದೋ ಹಳೆಯ ಸಣ್ಣ ಪಟ್ಟಿ ಕುಳಿತಿತ್ತು.

"ಚೇರಮನ್ರ, ಈ ಪೆಟ್ಟಿಗಿ ಇತ್ತಿತ್ಲಾಗ ಯಾರರ ಬಿಚ್ಚಿದ್ರೇನ್ರಿ?"

"ಯಾರೂ ಇಲ್ಲ" ಎಂದರು ಸಿದ್ದಪ್ಪಣ್ಣ. ಆಮೇಲೆ ಹೆಮ್ಮೆಯಿಂದ ಸೇರಿಸಿದರು, "ನಿನ್ನೆ ಸಂಜಿಮುಂದ ನಿಮ್ಮ ಹಂಜಿ ಸಾಹೇಬ್ರು ಸ್ವತಃ ಬಂದಿದ್ರು. ಅಷ್ಟ ದೊಡ್ಡ ಮನುಷ್ಯಾ ತಾನ ಅಂಗಿ ತೋಳ ಏರಿಸಿ, ಬಿಚ್ಚಿ, ಒಳಗೆಲ್ಲಾ ಸ್ವಚ್ಛ ಮಾಡಿ ಕೊಟ್ರು. ಕರೆಂಟ್ ಹೋಗಿತ್ತು ನೋಡ್ರಿ, ಹಂಗಾಗಿ ಚಾಲೂ ಮಾಡಿ ನೋಡಾಕ ಆಗ್ಲಿಲ್ಲ. ಚಹಾ ಕುಡದು ಹೋದ್ರು."

ಬಾಗಿಲಲ್ಲಿ ನಿಂತ ರೈತನೊಬ್ಬ, "ಅಂದ್ರ ನುಗ್ಗಿದಾಂವಗ ಚಹಾನೂ ಕುಡಿಸಿ ಕಳಿಸೀರಿ" ಎಂದ.

ಸಿದ್ದಪ್ಪಣ್ಣನವರಿಗೆ ನಂಬಿಕೆ ಬರಲಿಲ್ಲ. ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಹಂಜಿ ಸಾಹೇಬರ ಧ್ವನಿ ಬೆಣ್ಣೆಯಂತೆ ಬಂತು, "ಏನ್ರಿ ಚೇರಮನ್ರ, ಆ ಆಪರೇಟರ್ ಒಪ್ಪಿಕೊಂಡ್ಲೇನು?"

ನಾನು ಬಗ್ಗಿ ಹೇಳಿದೆ, "ಸರ್, ನಾ ಶಾಂತಾಬಾಯಿ. ಇಲ್ಲಿ ಮೆಮೊರಿ ಅರ್ಧ ಐತ್ರಿ. ನಿನ್ನೆ ನೀವು ಬಿಚ್ಚಿದಾಗ ಎಷ್ಟಿತ್ರಿ?"

"ಹಲೋ? ಹಲೋ? ಆವಾಜ್ ಕೇಳವಲ್ದು" ಎಂದರು ಸಾಹೇಬರು. ಎಲ್ಲರಿಗೂ ಅವರ ಆವಾಜು ಗಂಟೆ ಬಾರಿಸಿದಂತೆ ಕೇಳುತ್ತಿತ್ತು. ಫೋನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ. ಮರುದಿನ ಬೆಳಗಾವಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಲ್ಲೋಳಿಗೆ ಒಂದು ಸಣ್ಣ ಪಾರ್ಸಲ್ ಬಂತು. ಮೇಲೆ ಕಳುಹಿಸಿದವರ ಹೆಸರಿರಲಿಲ್ಲ. ಒಳಗೆ ಮೆಮೊರಿ ಪಟ್ಟಿ ಇತ್ತು.

ಹಂಜಿ ಸಾಹೇಬರಿಗೆ ಏನು ಶಿಕ್ಷೆಯಾಯಿತು ಎಂದು ನೀವು ಕೇಳುತ್ತೀರಿ. ಅವರಿಗೆ ಬಡ್ತಿಯಾಯಿತು. ಮೇಲಿನವರಿಗೆ ನಾನು ದೂರು ಕೊಟ್ಟಾಗ, ಸಾಹೇಬರು ಆ ಪಟ್ಟಿಯನ್ನು ಪರೀಕ್ಷೆಗೆಂದು ಕೊಂಡೊಯ್ದಿದ್ದರು ಎಂಬ ಉತ್ತರ ಬಂತು. ಪರೀಕ್ಷೆಯಲ್ಲಿ ಪಟ್ಟಿ ಪಾಸಾಯಿತು, ಸಾಹೇಬರೂ ಪಾಸಾದರು. ನನ್ನನ್ನು ಬೇಸಿಗೆಯುದ್ದಕ್ಕೂ ಹುಕ್ಕೇರಿಯ ದೂರದ ಹಳ್ಳಿಗಳಿಗೇ ಓಡಾಡಿಸಿದರು. ಆದರೆ ಕೆಲಸದಿಂದ ತೆಗೆಯುವ ಧೈರ್ಯ ಮಾಡಲಿಲ್ಲ. ಕಲ್ಲೋಳಿಯ ಬಾಗಿಲಲ್ಲಿ ನಿಂತು ಕೇಳಿದ ಕಿವಿಗಳು ಬಹಳವಿದ್ದವು. ಈ ಕೆಲಸಕ್ಕೆ ಬರುವವರು ನ್ಯಾಯ ಸಿಗುತ್ತದೆಂದು ಬರಬೇಡಿ. ಪಗಾರಕ್ಕೆ ಬನ್ನಿ.

ಆದರೆ ನಾನು ಹೇಳಬೇಕೆಂದದ್ದು ಪಾರ್ಸಲ್ ಬಂದ ಆ ದಿನದ್ದು. ಪಟ್ಟಿ ಸಿಕ್ಕಿಸಲು ನಾನೇ ಹೋಗಿದ್ದೆ. ಗೊಬ್ಬರದ ದಿನವಾದ್ದರಿಂದ ಸೊಸೈಟಿಯ ಅಂಗಳ ತುಂಬಿತ್ತು. ಪಟ್ಟಿ ಹಾಕಿ, ಮುಚ್ಚಳ ಬಿಗಿದು, "ಚಾಲೂ ಮಾಡು ತಂಗಿ" ಎಂದೆ.

ದಿಲ್‌ಶಾದ್ ಕೈ ಕಟ್ಟಿ ಕುಳಿತಿದ್ದಳು. "ನಾ ಮಾಡೂದಿಲ್ರಿ" ಎಂದಳು. ನನಗಲ್ಲ, ಚೇರಮನ್ನರಿಗೆ.

"ಯಾಕವಾ? ಆಗಿದ್ದು ಆತಲ್ಲ. ಸಾಮಾನೂ ಬಂತು. ಮತ್ತೇನು?" ಎಂದರು ಸಿದ್ದಪ್ಪಣ್ಣ.

"ಸಾಮಾನು ಬಂತ್ರಿ. ನನ್ನ ಹೆಸರು ಬರ್ಲಿಲ್ಲ. ನಿನ್ನೆ ಎಲ್ಲಾರ ಮುಂದ ಕಳ್ಳಿ ಅಂದ್ರಿ. ಈಗ ಎಲ್ಲಾರ ಮುಂದ ಅಲ್ಲ ಅನ್ರಿ. ಅಂದ ಮ್ಯಾಲೆ ಚಾಲೂ ಮಾಡ್ತೇನಿ."

"ಒಳಗ ಕುಂತು ಮಾತಾಡೋಣ ಬಾ."

"ಕಳ್ಳಿ ಅಂದಿದ್ದು ಒಳಗ ಕುಂತಲ್ರಿ."

ಸಿದ್ದಪ್ಪಣ್ಣ ನನ್ನ ಕಡೆ ನೋಡಿದರು. ಬೇಕಾದರೆ ನಾನು ಬಟನ್ ಒತ್ತಬಹುದಿತ್ತು. ನಾನು ಸ್ಕ್ರೂಡ್ರೈವರ್ ಒರೆಸುವುದರಲ್ಲಿ ಮಗ್ನಳಾದೆ. ಅಂಗಳದಲ್ಲಿ ಜನ, ಗೊಬ್ಬರ ಯಾವಾಗ ಕೊಡುತ್ತೀರೆಂದು ಕೂಗತೊಡಗಿದರು. ಸಿದ್ದಪ್ಪಣ್ಣ ಮೀಸೆಯ ಮೇಲೆ ಕೈಯಾಡಿಸಿದರು, ಟೋಪಿ ತೆಗೆದು ಹಾಕಿಕೊಂಡರು. ಕೊನೆಗೆ ಬಾಗಿಲಿಗೆ ಹೋಗಿ, ಗೊಬ್ಬರಕ್ಕೆ ಹೆಸರು ಕೂಗುವ ಮೈಕು ಹಿಡಿದು ಒಂದೇ ಉಸಿರಿಗೆ ಏನೋ ಗೊಣಗಿದರು. ದಿಲ್‌ಶಾದ್‌ಳ ಹೆಸರು ಅರ್ಧ ಕೇಳಿಸಿತು, ಉಳಿದದ್ದು ಮೀಸೆಯಲ್ಲೇ ಉಳಿಯಿತು.

ಅವಳು ಎದ್ದು ಬಾಗಿಲಿಗೆ ಹೋದಳು. ಮೈಕನ್ನು ನೋಡಿದಳು. ಅದರ ಕೆಳಗಿನ ಸ್ವಿಚ್ಚನ್ನು ತಾನೇ ಮೇಲೆ ತಳ್ಳಿ, ಅವರ ಬಾಯಿಯ ಹತ್ತಿರ ಹಿಡಿದಳು.

"ಬಂದ್ ಇತ್ರಿ. ಈಗ ಅನ್ರಿ" ಎಂದಳು.

ಸಿದ್ದಪ್ಪಣ್ಣನವರ ದೊಡ್ಡ ಧ್ವನಿ ಅಂದು ಮೊದಲ ಸಲ ಒಂದು ಒಳ್ಳೆಯ ಕೆಲಸಕ್ಕೆ ಬಂತು. "ದಿಲ್‌ಶಾದ್ ಕಳ್ಳಿ ಅಲ್ಲ. ನಾ ತಪ್ಪ ಮಾತಾಡಿದ್ನಿ" ಎಂಬುದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ಅವಳು ಒಳಗೆ ಬಂದು, ಕುರ್ಚಿ ಎಳೆದು ಕುಳಿತು, ಬಟನ್ ಒತ್ತಿದಳು. ಯಂತ್ರ ಎದ್ದು ತನ್ನ ಮೆಮೊರಿಯನ್ನು ಪೂರ್ತಿ ತೋರಿಸಿತು.

"ಮೊದಲ್ನೇದವ್ರು ಯಾರ್ರಿ?" ಎಂದು ಅವಳು ಹೊರಗೆ ನೋಡಿ ಕರೆದಳು.